ಸಾಲಿನ ಮೊದಲ ತೆರಪು: ಗಣಕಭಾಷೆಗಳ ಒಂದು ವಿವಾದದ ಇತಿಹಾಸ

ಗಣಕಯಂತ್ರಕ್ಕೆ ಕೊಡುವ ಆದೇಶಗಳ ಅನುಕ್ರಮವನ್ನು ಕ್ರಮವಿಧಿಯೆಂದು ಕರೆಯುತ್ತೇವೆ. ಒಂದು ಷರತ್ತಿಗೆ ಅಧೀನವಾದ ಆದೇಶಗಳನ್ನು, ಸಾಲಿನ ಮೊದಲಲ್ಲಿ ಕೊಂಚ ತೆರಪು ಬಿಟ್ಟು, ಒಳಕ್ಕೆ ಸರಿಸಿ ಬರೆಯುವುದು ಕ್ರಮವಿಧಿಕಾರರ ರೂಢಿ. ಈ ತೆರಪು ಓದುಗನ ಕಣ್ಣಿಗೆ ಮಾತ್ರ ನೆರವಾಗುವಂಥದೋ, ಯಂತ್ರವೂ ಅದನ್ನು ಅರ್ಥವುಳ್ಳದ್ದೆಂದು ಪರಿಗಣಿಸತಕ್ಕದ್ದೋ ಎಂಬ ಪ್ರಶ್ನೆ ಅರ್ಧ ಶತಮಾನಕ್ಕೂ ಮೀರಿ ವಿವಾದಕ್ಕೆ ಆಸ್ಪದವಾಗಿದೆ. ವಿಷಯವು ಮೇಲ್ನೋಟಕ್ಕೆ ಅಲ್ಪವಾಗಿ ತೋರಿದರೂ, ಒಂದೇ ಬರೆಹವನ್ನು ಮನುಷ್ಯನೂ ಯಂತ್ರವೂ ಒಂದೇ ಬಗೆಯಾಗಿ ಓದುವರೇ ಎಂಬ ಗಹನವಾದ ಸಮಸ್ಯೆ ಅದರಲ್ಲಿ ಅಡಗಿದೆ.

1957ರಲ್ಲಿ ಹೊರಬಂದ ಫೋರ್‌ಟ್ರಾನ್ ಭಾಷೆಯಲ್ಲಿ ಸ್ಥಾನಕ್ಕೆ ಬೆಲೆಯಿತ್ತು. 80 ಅಂಕಣಗಳ ಪಂಚ್ ಕಾರ್ಡಿನಲ್ಲಿ ಮೊದಲ 5 ಅಂಕಣಗಳು ಆದೇಶದ ಸಂಖ್ಯೆಗೂ, 6ನೆಯದು ಮುಂದುವರಿಕೆಯ ಗುರುತಿಗೂ, 7ರಿಂದ 72ರವರೆಗಿನವು ಆದೇಶಕ್ಕೂ ಮೀಸಲಾಗಿದ್ದವು. ಆದರೆ ಆದೇಶದ ಒಳಗಿನ ತೆರಪನ್ನು ಯಂತ್ರ ಲೆಕ್ಕಿಸುತ್ತಿರಲಿಲ್ಲ. 1960ರ ಆಲ್ಗಾಲ್ ಭಾಷೆ ಈ ಕಟ್ಟಳೆಯನ್ನು ಕಿತ್ತೊಗೆಯಿತು. ಆದೇಶಗಳ ಗುಂಪನ್ನು 'ಬಿಗಿನ್', 'ಎಂಡ್' ಎಂಬ ಪದಗಳು ಸುತ್ತುವರಿದವು. 1970ರ ದಶಕದ ಆರಂಭದಲ್ಲಿ ರೂಪುಗೊಂಡ ಸಿ ಭಾಷೆಯಲ್ಲಿ ಆ ಪದಗಳ ಸ್ಥಾನಕ್ಕೆ ಆವರಣ ಚಿಹ್ನೆಗಳು ಬಂದವು.

ಇದಕ್ಕೆ ಪ್ರತಿಯಾದ ಮತವನ್ನು 1966ರಲ್ಲಿ ಬ್ರಿಟನ್ನಿನ ಪೀಟರ್ ಲ್ಯಾಂಡಿನ್ ಮಂಡಿಸಿದನು. ಒಂದು ಉಕ್ತಿಗೆ ಸೇರಿದುದೆಲ್ಲವೂ ಅದರ ಮೊದಲ ಚಿಹ್ನೆಗಿಂತ ಎಡಕ್ಕೆ ಬರಕೂಡದೆಂಬುದು ಅವನ ನಿಯಮದ ಸಾರ. ಕಾಲ್ಚೆಂಡಿನ ಆಟವನ್ನು ನೆನೆದು ಅದಕ್ಕೆ 'ಆಫ್‌ಸೈಡ್ ನಿಯಮ' ಎಂಬ ಹೆಸರಾಯಿತು. ಆವರಣವಿಲ್ಲದೆ ತೆರಪಿನಿಂದಲೇ ರಚನೆಯನ್ನು ಸೂಚಿಸುವುದು ಮುಂದೆ ಸಾಧ್ಯವಾದೀತೆಂದು 1974ರಲ್ಲಿ ಡೊನಾಲ್ಡ್ ಕ್ನೂತ್ ಊಹಿಸಿದನು. 1983ರ ಆಕಮ್, 1985ರ ಮಿರಾಂಡ ಈ ಮಾರ್ಗದವು. ಆಮ್‌ಸ್ಟರ್‌ಡಾಮಿನ ಗಣಿತ ಮತ್ತು ಗಣಕ ಸಂಶೋಧನಾ ಸಂಸ್ಥೆಯಲ್ಲಿ ರಚಿತವಾದ ಎಬಿಸಿ ಭಾಷೆಯೂ ಈ ಬಗೆಯದೇ. ಅದರಲ್ಲಿ ದುಡಿದ ಗೀಡೊ ವಾನ್ ರಾಸಮ್ 1989ರ ಕೊನೆಯಲ್ಲಿ ಕೈಗೊಂಡು 1991ರಲ್ಲಿ ಪ್ರಕಟಿಸಿದ ಪೈಥಾನ್ ಈ ಪದ್ಧತಿಯನ್ನು ಲೋಕಪ್ರಸಿದ್ಧಗೊಳಿಸಿತು. 1990ರ ಹ್ಯಾಸ್ಕೆಲ್ ಎರಡು ಪದ್ಧತಿಗಳಿಗೂ ಎಡೆಗೊಟ್ಟಿತು.

ವಿರೋಧಿಗಳ ಆಕ್ಷೇಪಣೆಗಳು ನಿರಾಧಾರವಲ್ಲ. ತೆರಪು ಕಣ್ಣಿಗೆ ಕಾಣದು. ಕೀಲಿಮಣೆಯ ಟ್ಯಾಬ್‌ನಿಂದ ಬಂದ ತೆರಪೂ ಬಿಡಿ ಬಿಡಿಯಾಗಿ ಒತ್ತಿದ ತೆರಪೂ ಪುಟದ ಮೇಲೆ ಒಂದೇ ತೆರನಾಗಿ ತೋರುತ್ತವೆ. 1976ರಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ರಚಿಸಿದ ಮೇಕ್ ಎಂಬ ಸಾಧನದಲ್ಲಿ ಟ್ಯಾಬ್‌ನ ಬದಲು ಬಿಡಿ ತೆರಪನ್ನು ಬಳಸಿದರೆ ಕೆಲಸ ಕೆಡುತ್ತಿತ್ತು. ಬರೆಹವನ್ನು ನಕಲು ಮಾಡುವಾಗ ತೆರಪು ಅಳಿಸಿಹೋದರೆ ಅದರೊಡನೆ ಅರ್ಥವೂ ಅಳಿಯುತ್ತದೆ. ಈ ದೋಷವನ್ನು ಮನಗಂಡೇ 2008ರ ಪೈಥಾನ್ 3, ಟ್ಯಾಬ್ ಮತ್ತು ತೆರಪುಗಳ ಅಸಂಗತವಾದ ಬೆರಕೆಯನ್ನು ನಿಷೇಧಿಸಿತು.

ಆದರೆ ಯಂತ್ರಕ್ಕೊಂದು ಗುರುತು, ಮನುಷ್ಯನಿಗೊಂದು ಗುರುತು ಎಂದಾದಾಗ ಅವು ಪರಸ್ಪರ ವಿರುದ್ಧವಾಗುವ ಅಪಾಯವುಂಟು. 2014ರ ಫೆಬ್ರವರಿಯಲ್ಲಿ ಆ್ಯಪಲ್ ಸಂಸ್ಥೆ ಸರಿಪಡಿಸಿದ ದೋಷ ಇದಕ್ಕೆ ನಿದರ್ಶನ. ಸಿ ಭಾಷೆಯ ಒಂದು ಭದ್ರತಾ ಕ್ರಮವಿಧಿಯಲ್ಲಿ 'ಗೋಟು ಫೇಲ್' ಎಂಬ ಸಾಲು ಎರಡು ಸಲ ಬಿದ್ದಿತ್ತು. ಎರಡೂ ಸಾಲುಗಳು ಸಮನಾಗಿ ಒಳಸರಿದಿದ್ದುದರಿಂದ ಷರತ್ತಿಗೆ ಅಧೀನವೆಂಬಂತೆ ತೋರಿದವು. ಆವರಣವಿಲ್ಲದ್ದರಿಂದ ಯಂತ್ರವು ಮೊದಲನೆಯದನ್ನು ಮಾತ್ರ ಷರತ್ತಿಗೆ ಸೇರಿಸಿ, ಎರಡನೆಯದನ್ನು ಅಲ್ಲಿಗೆ ತಲುಪಿದಾಗಲೆಲ್ಲ ನಡೆಸಿತು. ಫಲವಾಗಿ ಸಹಿಯ ಪರಿಶೀಲನೆಯೇ ನಡೆಯದೆ, ಗುಪ್ತವಾಗಿರಬೇಕಾದ ಸಂಪರ್ಕಗಳು ಅರಕ್ಷಿತವಾದವು.

ತರುವಾಯ ಆವರಣ ಪಕ್ಷವೂ ತೆರಪನ್ನು ಕಡೆಗಣಿಸಲಾಗಲಿಲ್ಲ. 2009ರಲ್ಲಿ ಪ್ರಕಟವಾದ ಗೋ ಭಾಷೆಯೊಡನೆ, ಆವರಣವನ್ನನುಸರಿಸಿ ತೆರಪನ್ನು ತಾನೇ ಜೋಡಿಸುವ ಸಾಧನವೂ ಬಂದಿತ್ತು. 2016ರ ಜಿಸಿಸಿ 6 ಕಂಪೈಲರ್, ದಾರಿ ತಪ್ಪಿಸುವ ತೆರಪನ್ನು ಕಂಡೊಡನೆ ಎಚ್ಚರಿಸತೊಡಗಿತು. ಆದಕಾರಣ ಈ ವಿವಾದವನ್ನು ಬರಿಯ ಅಭಿರುಚಿಯ ಭೇದವೆಂದು ತಳ್ಳಿಹಾಕುವುದು ಉಚಿತವಲ್ಲ. ತೆರಪಿಗೆ ಅರ್ಥವಿರಲಿ, ಇಲ್ಲದಿರಲಿ, ಅದು ಸುಳ್ಳಾಡಬಾರದೆಂಬ ವಿಷಯದಲ್ಲಿ ಉಭಯ ಪಕ್ಷಗಳೂ ಇಂದು ಏಕಾಭಿಪ್ರಾಯಕ್ಕೆ ಸಮೀಪಿಸಿವೆ.