ಇಲ್ಲದಿದ್ದಾಗ ಏನು ಹಾಕ್ತಿದ್ರಿ?

ಮನೇಲಿ ತರಕಾರಿ ಖಾಲಿ, ಸಂತೆಗೆ ಇನ್ನೂ ಎರಡು ದಿನ ಇದೆ. ಅಂಥ ದಿನ ನಮ್ಮ ಕಡೆ ಅಡುಗೆಮನೆಯಿಂದ ಬರುವ ಉತ್ತರ ಒಂದೇ: "ಒಂದು ಸಾರು ಮಾಡಿದ್ರೆ ಆಯ್ತು ಬಿಡು." ಒಂದು ಹಿಡಿ ಬೇಳೆ, ನಿಂಬೆ ಗಾತ್ರದ ಹುಣಸೆಹಣ್ಣು, ಸಾರಿನ ಪುಡಿ, ಮೇಲೊಂದು ಸಾಸಿವೆ-ಕರಿಬೇವಿನ ಒಗ್ಗರಣೆ. ಜ್ವರ ಬಂದವರಿಗೂ ಅದೇ, ದಿಢೀರ್ ಬಂದ ನೆಂಟರಿಗೂ ಅದೇ, ರಾತ್ರಿ ಹತ್ತಕ್ಕೆ ಆಫೀಸಿಂದ ಬಂದು ಬಾಡಿಗೆ ಮನೇಲಿ ಕುಕ್ಕರ್ ಇಡುವ ನನ್ನಂಥವರಿಗೂ ಅದೇ. ಅಜ್ಜಿ, ಮುತ್ತಜ್ಜಿ, ಅವರಜ್ಜಿ ಎಲ್ಲರೂ ಹೀಗೇ ಮಾಡ್ತಿದ್ರು ಅಂತ ನಾವು ನಂಬಿದ್ದೇವೆ. ಆದರೆ ಆ ಸಾರಿನ ಪುಡಿಯ ಕೆಂಪು ಬಣ್ಣದ ಹಿಂದೆ ಹೋದರೆ ಕಥೆ ಬೇರೆಯೇ ಇದೆ.

ಮೆಣಸಿನಕಾಯಿ ನಮ್ಮ ನೆಲದ ಗಿಡ ಅಲ್ಲ. ಅದರ ತವರು ಅಮೆರಿಕ ಖಂಡ. ಕೊಲಂಬಸ್ ಅಲ್ಲಿಗೆ ಹೋಗಿದ್ದು 1492ರಲ್ಲಿ, ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದಿದ್ದು 1498ರಲ್ಲಿ, ಪೋರ್ಚುಗೀಸರು ಗೋವಾ ಹಿಡಿದಿದ್ದು 1510ರಲ್ಲಿ. ಅವರ ಹಡಗುಗಳ ಜತೆ ಮೆಣಸಿನಕಾಯಿ ನಮ್ಮ ಕರಾವಳಿಗೆ ಇಳಿಯಿತು. ತಮಾಷೆ ನೋಡಿ, ಅವರೆಲ್ಲ ಸಮುದ್ರ ದಾಟಿ ಹುಡುಕುತ್ತಿದ್ದುದು ನಮ್ಮ ಕಾಳುಮೆಣಸನ್ನು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಮೆಣಸಿನ ರಾಣಿ' ಅಂತಲೇ ಕರೆದರು. ಮೆಣಸು ಒಯ್ಯಲು ಬಂದವರು ಮೆಣಸಿನಕಾಯಿ ಬಿಟ್ಟು ಹೋದರು!

ಇದಕ್ಕೆ ಸಾಕ್ಷಿ ನಮ್ಮ ಭಾಷೆಯಲ್ಲೇ ಇದೆ. ಹೊಸ ಕಾಯಿಗೆ ಹೊಸ ಹೆಸರು ಹುಡುಕುವ ಗೋಜಿಗೆ ನಮ್ಮವರು ಹೋಗಲಿಲ್ಲ. ಮೆಣಸಿನ ಹಾಗೆ ಖಾರ ಇರುವ ಕಾಯಿ, ಸರಿ, ಮೆಣಸಿನಕಾಯಿ. ತಮಿಳಿನ ಮಿಳಗಾಯ್ ಕೂಡ ಹೀಗೇ ಹುಟ್ಟಿದ ಪದ. ಆಮೇಲೆ ಬಂದವನೇ ಮನೆ ಯಜಮಾನನಾಗಿಬಿಟ್ಟ. ಎಷ್ಟರ ಮಟ್ಟಿಗೆ ಅಂದರೆ, ಮೂಲದ ಮೆಣಸಿಗೇ 'ಕಾಳುಮೆಣಸು', 'ಕರಿಮೆಣಸು' ಅಂತ ವಿಶೇಷಣ ಸೇರಿಸಿ ಗುರುತು ಹೇಳಬೇಕಾಯಿತು. ಕರಾವಳಿಯವರು ಇವತ್ತಿಗೂ ಅದನ್ನು 'ಒಳ್ಳೆಮೆಣಸು' ಅಂತಾರೆ. ಆ 'ಒಳ್ಳೆ' ಅನ್ನುವ ಮಾತಿನಲ್ಲಿ ಹಳೆಯದರ ಮೇಲಿನ ಪ್ರೀತಿ ಇನ್ನೂ ಉಳಿದಿದೆ ಅನಿಸುತ್ತೆ ನನಗೆ.

ಹಾಗಾದರೆ ಅದಕ್ಕೂ ಮುಂಚೆ ನಮ್ಮವರ ಅಡುಗೆ ಸಪ್ಪೆಯಾಗಿತ್ತಾ? ಖಂಡಿತ ಇಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಅಡುಗೆಗೇ ಒಂದು ಭಾಗವಿದೆ. ಅಲ್ಲಿ ಕಾಳುಮೆಣಸು, ಜೀರಿಗೆ, ಇಂಗು ಎಲ್ಲ ಬರುತ್ತವೆ. ಕನ್ನಡದಲ್ಲೇ ಮೂರನೇ ಮಂಗರಸ 16ನೇ ಶತಮಾನದ ಆರಂಭದಲ್ಲಿ 'ಸೂಪಶಾಸ್ತ್ರ' ಅಂತ ಪಾಕಶಾಸ್ತ್ರವನ್ನೇ ಪದ್ಯದಲ್ಲಿ ಬರೆದ. ಖಾರಕ್ಕೆ ಆಗ ಮೆಣಸು, ಶುಂಠಿ, ಸಾಸಿವೆ ಇದ್ದವು.

ಪುಸ್ತಕ ಬೇಡ ಅಂದರೆ ಇನ್ನೊಂದು ಸಾಕ್ಷಿ ಇದೆ: ಬ್ರಾಹ್ಮಣರ ಮನೆಗಳ ತಿಥಿ ಅಡುಗೆ. ಸಂಪ್ರದಾಯ ಬಿಡದ ಮನೆಗಳಲ್ಲಿ ಆ ದಿನ ಮೆಣಸಿನಕಾಯಿ ಇಲ್ಲ, ಟೊಮೇಟೊ ಇಲ್ಲ, ಆಲೂಗಡ್ಡೆ ಇಲ್ಲ. ಖಾರಕ್ಕೆ ಕಾಳುಮೆಣಸು ಮಾತ್ರ. ಹಿರಿಯರಿಗೆ ಇಡುವ ಎಲೆಯ ಮೇಲೆ ಹಿರಿಯರು ಕಂಡಿದ್ದ ಪದಾರ್ಥಗಳಷ್ಟೇ. ಸಾಫ್ಟ್‌ವೇರ್ ಭಾಷೇಲಿ ಹೇಳೋದಾದರೆ, ಐನೂರು ವರ್ಷ ಹಿಂದಿನ ಬ್ಯಾಕಪ್ ಒಂದು ಹಾಗೇ ಉಳಿದುಕೊಂಡಿದೆ.

ಮೆಣಸಿನಕಾಯಿ ಯಾಕೆ ಗೆದ್ದಿತು? ಕಾಳುಮೆಣಸಿನ ಬಳ್ಳಿಗೆ ಮಳೆಕಾಡು ಬೇಕು, ಹಬ್ಬಲು ಮರ ಬೇಕು, ಫಸಲಿಗೆ ಮೂರ್ನಾಲ್ಕು ವರ್ಷ ಕಾಯಬೇಕು. ಬಯಲುಸೀಮೆಯವನು ಅದನ್ನು ದುಡ್ಡು ಕೊಟ್ಟೇ ತರಬೇಕು. ಮೆಣಸಿನಕಾಯಿ ಹಾಗಲ್ಲ. ಹಿತ್ತಲಲ್ಲಿ ಬೀಜ ಚೆಲ್ಲಿದರೆ ಕೆಲವೇ ತಿಂಗಳಲ್ಲಿ ಕಾಯಿ. ಒಣಗಿಸಿಟ್ಟರೆ ವರ್ಷಪೂರ್ತಿ ಖಾರ. ಸಾಹುಕಾರರ ಸರಕಾಗಿದ್ದ ಖಾರ ಬಡವರ ಮನೆಯ ಒರಳಿಗೂ ಬಂತು. ಉಪ್ಪು, ಹುಣಸೆ, ಒಣಮೆಣಸಿನಕಾಯಿ ಅರೆದರೆ ಒಂದು ಮುದ್ದೆ ಒಳಗೆ ಇಳಿಯುತ್ತೆ ಅಂತ ಗೊತ್ತಿರುವವರಿಗೆ ಇದು ಸಣ್ಣ ವಿಷಯ ಅಲ್ಲ. ಈಗ ನೋಡಿ, ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಅಮೆರಿಕದ ಗಿಡ, ಹಾವೇರಿ ಜಿಲ್ಲೆಯ ವಿಳಾಸ!

ಬರೀ ಮೆಣಸಿನಕಾಯಿ ಅಲ್ಲ. ಮುದ್ದೆಯ ರಾಗಿ ಸಾವಿರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದದ್ದು. ಹುಣಸೆಯೂ ಆಫ್ರಿಕಾ ಮೂಲದ್ದೇ, ಆದರೆ ಅರಬರು ಅದಕ್ಕೆ 'ಹಿಂದ್‌ನ ಖರ್ಜೂರ' ಅಂತ ಹೆಸರಿಟ್ಟರು. ಟೊಮೇಟೊ ಅಂತೂ ನಮ್ಮ ಸಾರಿಗೆ ಬಿದ್ದದ್ದು ತೀರಾ ಇತ್ತೀಚೆಗೆ. 2023ರ ಜುಲೈನಲ್ಲಿ ಟೊಮೇಟೊ ಕೆಜಿಗೆ ನೂರು ರೂಪಾಯಿ ದಾಟಿದಾಗ ಟಿವಿಯವರು ಬಾಯಿ ಬಡ್ಕೊಂಡ್ರು. ಊರಲ್ಲಿ ನಮ್ಮಮ್ಮ ಹುಣಸೆಹಣ್ಣು ಒಂದಿಷ್ಟು ಜಾಸ್ತಿ ನೆನೆಹಾಕಿ ಸುಮ್ಮನಾದಳು, ಅಷ್ಟೇ.

ನನಗೆ ಕಾಡುವ ಪ್ರಶ್ನೆ ಇದು: ಮೆಣಸಿನ ಬದಲು ಮೆಣಸಿನಕಾಯಿ ಹಾಕಿ ಮೊದಲ ಸಾರು ಕುದಿಸಿದವಳು ಯಾರು? ಎಷ್ಟು ಹಾಕಬೇಕು, ಹುರಿಯಬೇಕಾ, ಬೀಜ ತೆಗೆಯಬೇಕಾ ಅಂತ ಅವಳಿಗೆ ಹೇಳಿಕೊಡುವವರು ಯಾರೂ ಇರಲಿಲ್ಲ. ಪುಸ್ತಕ ಬರೆದವರು ರಾಜರು, ಕವಿಗಳು. ಅವಳ ಹೆಸರು ಎಲ್ಲೂ ಇಲ್ಲ. ಸೊಪ್ಪು-ಕಾಳು ಬೇಯಿಸಿದ ನೀರನ್ನು ಚೆಲ್ಲದೆ, ಬಸಿದು, ಖಾರ ಅರೆದು ಹಾಕಿ ಬಸ್ಸಾರು ಮಾಡಿದವಳ ಹೆಸರೂ ಇಲ್ಲ. ಒಂದು ಪಾತ್ರೆಯಿಂದ ಪಲ್ಯ, ಸಾರು ಎರಡನ್ನೂ ತೆಗೆದ ಆ ಲೆಕ್ಕಾಚಾರ ಹೊಟ್ಟೆ ತುಂಬಿದವರಿಗೆ ಹೊಳೆಯುವಂಥದ್ದಲ್ಲ.

ಅದಕ್ಕೇ "ಇದು ಒರಿಜಿನಲ್ ಅಲ್ಲ, ನಮ್ಮಜ್ಜಿ ಹೀಗೆ ಮಾಡ್ತಿರ್ಲಿಲ್ಲ" ಅಂತ ಯಾರಾದರೂ ಹೆಂಡತಿಯ, ಸೊಸೆಯ ಅಥವಾ ರೂಮ್‌ಮೇಟ್‌ನ ಸಾರಿಗೆ ಮೂಗು ಮುರಿದರೆ ನನಗೆ ನಗು ಬರುತ್ತೆ, ಸ್ವಲ್ಪ ಸಿಟ್ಟೂ ಬರುತ್ತೆ. ಅಜ್ಜಿಯೂ ಇದ್ದುದರಲ್ಲೇ ಹೊಂದಿಸಿದವಳು. ಬೇಳೆ ಇಲ್ಲದ ದಿನ ಹುರುಳಿ ಕಟ್ಟು, ಹುಣಸೆ ಇಲ್ಲದ ದಿನ ಮಾವಿನಕಾಯಿ, ಏನೂ ಇಲ್ಲದ ದಿನ ಮಜ್ಜಿಗೆಗೆ ಜೀರಿಗೆ-ಮೆಣಸು. ಬದಲಾಯಿಸುತ್ತಾ ಬಂದದ್ದರಿಂದಲೇ ಮನೆ ಅಡುಗೆ ಉಳಿದಿದೆ.

ನಿಮ್ಮ ಮನೇಲಿ ಹಿರಿಯರಿದ್ದರೆ ರೆಸಿಪಿ ಕೇಳಿ, ಬೇಡ ಅನ್ನಲ್ಲ. ಆದರೆ ಅದರ ಜತೆಗೆ ಇನ್ನೊಂದು ಪ್ರಶ್ನೆ ಕೇಳಿ: "ಅದು ಇಲ್ಲದಿದ್ದಾಗ ಏನು ಹಾಕ್ತಿದ್ರಿ?" ಉತ್ತರ ಬರೆದಿಟ್ಟುಕೊಳ್ಳಿ. ಬರಗಾಲ, ಬಡತನ, ಮಳೆಗಾಲ, ಸಂತೆ ದಿನ ಎಲ್ಲದರ ಚರಿತ್ರೆ ಅದರಲ್ಲೇ ಇರುತ್ತೆ. ಅದನ್ನು ಬೇರೆ ಯಾರೂ ಬರೆದಿಲ್ಲ.