ಆನ್‌ಲೈನ್ ಸಮೂಹ ಸಂವಹನ ಪದವಿ (ಭಾರತ)

ಪತ್ರಿಕೋದ್ಯಮ, ರೇಡಿಯೊ, ಟಿವಿ ಮತ್ತು ಡಿಜಿಟಲ್ ಮಾಧ್ಯಮಗಳ ವ್ಯಾಸಂಗವನ್ನು ಅಂತರ್ಜಾಲದ ಮೂಲಕ ಪೂರೈಸಿ ಪಡೆಯುವ ವಿಶ್ವವಿದ್ಯಾಲಯ ಪದವಿ. ಭಾರತದಲ್ಲಿ ಇದರ ಬೇರು ಪ್ರಸಾರ ಮಾಧ್ಯಮದಲ್ಲೇ ಇದೆ. 1975-76ರ ಉಪಗ್ರಹ ಬೋಧನಾ ಟಿವಿ ಪ್ರಯೋಗ (ಸೈಟ್) ಕರ್ನಾಟಕವೂ ಸೇರಿ ಆರು ರಾಜ್ಯಗಳ ಹಳ್ಳಿಗಳಿಗೆ ಟಿವಿ ಪಾಠಗಳನ್ನು ಮುಟ್ಟಿಸಿತು. 1985ರಲ್ಲಿ ಸ್ಥಾಪನೆಯಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವು ಮುಂದೆ ಜ್ಞಾನದರ್ಶನ ವಾಹಿನಿ, ಜ್ಞಾನವಾಣಿ ಎಫ್‌ಎಂ ಕೇಂದ್ರಗಳನ್ನು ನಡೆಸಿತು. ಅದು ಪತ್ರಿಕೋದ್ಯಮ ಮತ್ತು ಸಮೂಹ ಸಂವಹನದ ಸ್ನಾತಕೋತ್ತರ ಪದವಿಯನ್ನು ಆನ್‌ಲೈನ್‌ನಲ್ಲೂ ನೀಡುತ್ತಿದೆ. ರಾಜ್ಯ ಮಟ್ಟದಲ್ಲಿ ದೂರಶಿಕ್ಷಣಕ್ಕಾಗಿ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ 1996ರಲ್ಲಿ ಆರಂಭವಾಯಿತು.

ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2020ರ ನಿಯಮಾವಳಿ ಪ್ರಕಾರ ಪ್ರತಿ ಆನ್‌ಲೈನ್ ಪಾಠಕ್ಕೂ ವಿಡಿಯೊ ಉಪನ್ಯಾಸ, ಓದುವ ಸಾಮಗ್ರಿ, ಚರ್ಚೆ, ಸ್ವಮೌಲ್ಯಮಾಪನ ಎಂಬ ನಾಲ್ಕು ಅಂಗಗಳಿರಬೇಕು. ಮಾನ್ಯತೆ ಪಡೆದ ಸಂಸ್ಥೆಯ ಆನ್‌ಲೈನ್ ಪದವಿ ತರಗತಿಯ ಪದವಿಗೆ ಸಮಾನ. ಆದರೆ ಮಾನ್ಯತೆ ಆಯಾ ಕೋರ್ಸಿಗೂ ಪ್ರವೇಶದ ಅವಧಿಗೂ ಸೀಮಿತ. ಸೇರುವ ಮೊದಲು ಯುಜಿಸಿ ದೂರಶಿಕ್ಷಣ ಬ್ಯೂರೊದ ಪಟ್ಟಿ ನೋಡಲೇಬೇಕು.

ಸಿದ್ಧಾಂತ, ಮಾಧ್ಯಮ ಕಾನೂನು, ಸುದ್ದಿ ಬರವಣಿಗೆಯನ್ನು ದೂರದಿಂದ ಚೆನ್ನಾಗಿಯೇ ಕಲಿಯಬಹುದು. ಧ್ವನಿ ಸಂಕಲನವೂ ಈಗ ಮನೆಯ ಕಂಪ್ಯೂಟರಿನಲ್ಲಿ ಸಾಧ್ಯ. ಕಷ್ಟವಿರುವುದು ಸ್ಟುಡಿಯೊ ಕೆಲಸದಲ್ಲಿ: ನೇರಪ್ರಸಾರದ ಒತ್ತಡ, ಹಲವು ಕ್ಯಾಮೆರಾಗಳ ಹೊಂದಾಣಿಕೆ, ತಂಡದ ಶಿಸ್ತು ಪರದೆಯ ಮುಂದೆ ಕುಳಿತು ಬರುವಂಥವಲ್ಲ. ಸಮುದಾಯ ಬಾನುಲಿ ಕೇಂದ್ರದಲ್ಲೋ ಸ್ಥಳೀಯ ಸುದ್ದಿಮನೆಯಲ್ಲೋ ಕೆಲವು ತಿಂಗಳು ದುಡಿದವರಿಗೆ ಮಾತ್ರ ಈ ಕೊರತೆ ತುಂಬುತ್ತದೆ.