ತನ್ನ ಆಟವನ್ನೇ ಅಣಕಿಸಿದ ಕಂಪನಿ

ಮೂವತ್ತು ದಾಟಿದವರಿಗೆ ಕಾಂಟ್ರಾ ನೆನಪಿರುತ್ತದೆ. ಟೀವಿಗೆ ವೈರ್ ಚುಚ್ಚಿ, ಕ್ಯಾಸೆಟ್ ಹಿಡಿಯದಿದ್ದರೆ ಬಾಯಿಂದ ಊದಿ, ಇಬ್ಬರು ಕೂತು ಆಡುತ್ತಿದ್ದ ಗೇಮ್. ನಮ್ಮೂರಲ್ಲಿ ಅದಿದ್ದದ್ದು ಒಂದೇ ಮನೆಯಲ್ಲಿ, ಅದೂ ಕರೆಂಟ್ ಇದ್ದಾಗ ಮಾತ್ರ. ಅದನ್ನು ಮಾಡಿದ್ದು ಜಪಾನಿನ ಕೊನಾಮಿ. 1969ರಲ್ಲಿ ಒಸಾಕಾ ಕಡೆ, ಕಾಸು ಹಾಕಿದರೆ ಹಾಡುವ ಜ್ಯೂಕ್‌ಬಾಕ್ಸ್ ಪೆಟ್ಟಿಗೆಗಳನ್ನು ಬಾಡಿಗೆಗೆ ಕೊಡುತ್ತ, ರಿಪೇರಿ ಮಾಡುತ್ತ ಶುರುವಾದ ಕಂಪನಿ ಅದು.

ಕಾಂಟ್ರಾಕ್ಕಿಂತ ಮೊದಲೇ, 1985ರಲ್ಲಿ, ಕೊನಾಮಿ ಗ್ರೇಡಿಯಸ್ ಎಂಬ ಆಟ ತಂದಿತ್ತು. ಆಕಾಶನೌಕೆ ಬಲಕ್ಕೆ ಹೋಗುತ್ತಲೇ ಇರುತ್ತದೆ, ಎದುರಿನಿಂದ ಶತ್ರುಗಳು ಬರುತ್ತಾರೆ. ಕೆಲವರನ್ನು ಹೊಡೆದರೆ ಕೆಂಪು ಗುಳಿಗೆ ಬೀಳುತ್ತದೆ. ಅದನ್ನು ಕೂಡಿಟ್ಟು ವೇಗ, ಕ್ಷಿಪಣಿ, ಲೇಸರ್ ಕೊಳ್ಳಬೇಕು. ಆದರೆ ಒಂದೇ ಒಂದು ಗುಂಡು ತಗುಲಿದರೆ ಗಳಿಸಿದ್ದೆಲ್ಲ ಹೋಯಿತು. ಬರಿಗೈಯಲ್ಲಿ ಹಿಂದಿನ ಜಾಗಕ್ಕೆ. ಮೂರನೇ ಹಂತದಲ್ಲಿ ಈಸ್ಟರ್ ದ್ವೀಪದ ಮೋವಾಯಿ ಕಲ್ಲುಮುಖಗಳು ಬಾಯಿಂದ ಬಳೆ ಉಗುಳುತ್ತವೆ. ನಾನು ಅಲ್ಲಿಂದ ಮುಂದೆ ಹೋದವನೇ ಅಲ್ಲ.

ನಾನೊಬ್ಬನೇ ಅಲ್ಲ ಬಿಡಿ. 1986ರಲ್ಲಿ ಇದನ್ನು ಮನೆಯ ಟೀವಿ ಗೇಮ್‌ಗೆ ತಂದ ಕಜುಹಿಸಾ ಹಾಶಿಮೊಟೊ ಅವರಿಗೇ ಆಟ ಮುಗಿಸಲು ಆಗುತ್ತಿರಲಿಲ್ಲ. ಪರೀಕ್ಷೆಗೆಂದು ಒಂದು ಗುಟ್ಟಿನ ದಾರಿ ಇಟ್ಟರು: ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ. ಒತ್ತಿದರೆ ಬಲವೆಲ್ಲ ಒಮ್ಮೆಗೇ ಸಿಗುತ್ತಿತ್ತು. ಕಾಂಟ್ರಾದಲ್ಲಿ 30 ಜೀವ ಕೊಡುತ್ತಿದ್ದದ್ದೂ ಇದೇ. ಹಾಶಿಮೊಟೊ 2020ರಲ್ಲಿ ತೀರಿಕೊಂಡರು.

ಇಷ್ಟು ಹೆಸರು ಮಾಡಿದ ಆಟವನ್ನು 1988ರಲ್ಲಿ ಕೊನಾಮಿ ತಾನೇ ಅಣಕಿಸಿತು. ಪ್ಯಾರಡಿ, ಗ್ರೇಡಿಯಸ್ ಎರಡನ್ನೂ ಕೂಡಿಸಿ ಪ್ಯಾರೋಡಿಯಸ್ ಎಂದು ಹೆಸರು. ಎಂಎಸ್‌ಎಕ್ಸ್ ಎಂಬ ಮನೆ ಕಂಪ್ಯೂಟರಿಗೆ ಬಂದ ಇದರ ಅಡಿಬರಹ 'ಆಕ್ಟೋಪಸ್ ಭೂಮಿಯನ್ನು ಕಾಪಾಡುತ್ತದೆ'. ಆಕಾಶನೌಕೆಯ ಜಾಗದಲ್ಲಿ ಆಕ್ಟೋಪಸ್, ಪೆಂಗ್ವಿನ್! ಪೆಂಗ್ವಿನ್ ಬಂದದ್ದು ಕೊನಾಮಿಯದೇ ಹಳೆಯ ಆಟದಿಂದ. ತಮಾಷೆ ಬೇರೆಯವರ ಅಂಗಳಕ್ಕಿಂತ ಹೆಚ್ಚಾಗಿ ಸ್ವಂತ ಮನೆಯದು. 1990ರಲ್ಲಿ ಆರ್ಕೇಡಿಗೆ ಬಂದ ಎರಡನೆಯದರಲ್ಲಿ ಬೆಕ್ಕಿನ ಮುಖದ ಹಡಗು ಯುದ್ಧಕ್ಕೆ ಬರುತ್ತದೆ, ಹಿನ್ನೆಲೆಯಲ್ಲಿ ಚೈಕೋವ್‌ಸ್ಕಿಯಂಥ ದೊಡ್ಡವರ ಶಾಸ್ತ್ರೀಯ ಸಂಗೀತ. ಕಲ್ಲುಮುಖಗಳೂ ಬರುತ್ತವೆ, ಈ ಸಲ ನಗಿಸಲು. ಯಕ್ಷಗಾನದ ಹಾಸ್ಯಗಾರನಿಗೆ ಪ್ರಸಂಗ ಪೂರ್ತಿ ಗೊತ್ತಿರಬೇಕಲ್ಲ, ಹಾಗೆ ಇಲ್ಲೂ ಮೂಲ ಗೊತ್ತಿದ್ದವರೇ ಮಾಡಿದ ಕೆಲಸ. ನಗುತ್ತ ಆಡಿದರೂ ಆಟ ಸುಲಭವಿಲ್ಲ. ಗುಂಡು ತಗುಲಿದರೆ ಇಲ್ಲೂ ಬರಿಗೈ.

1994, 1995ರಲ್ಲೂ ಹೊಸ ಆಟಗಳು ಬಂದವು. 1996ರದ್ದು ಸೆಕ್ಸಿ ಪ್ಯಾರೋಡಿಯಸ್. ಹೆಸರು ಬರೆಯಲು ನನಗೂ ಮುಜುಗರ, ಅದರ ಕೆಲವು ತಮಾಷೆಗಳು ಈಗ ಸಪ್ಪೆ. ಈ ಸರಣಿಯ ಕೊನೆಯ ದೊಡ್ಡ ಶೂಟಿಂಗ್ ಆಟ ಅದೇ. ಅಷ್ಟರಲ್ಲಿ ಜನ ಮೂರು ಆಯಾಮದ ಆಟಗಳ ಕಡೆ ಹೊರಳಿದ್ದರು. ಅಣಕಿಸಿಕೊಳ್ಳುವ ಆಟವೇ ಮರೆತುಹೋದರೆ ಅಣಕಕ್ಕೆ ಯಾರು ನಗುತ್ತಾರೆ?

ಮೊನ್ನೆ ಅಕ್ಕನ ಮಗನಿಗೆ ಫೋನಿನಲ್ಲಿ ಇದರ ವಿಡಿಯೊ ತೋರಿಸಿದೆ. ಆಕ್ಟೋಪಸ್ ನೋಡಿ ಅವನೂ ನಕ್ಕ. ಕಲ್ಲುಮುಖ ಬಂದಾಗ ನಾನೊಬ್ಬನೇ ಜೋರಾಗಿ ನಕ್ಕೆ. 'ಇದರಲ್ಲಿ ನಗೋಕೆ ಏನಿದೆ ಮಾವ?' ಅಂದ.